ಕಿರುತೆರೆಯ ಮಾರ್ಷಲ್: ವಯಟ್ ಅರ್ಪ್ ಧಾರಾವಾಹಿಯ ಪ್ರಕರಣ ಅಧ್ಯಯನ

1955ರ ಸೆಪ್ಟೆಂಬರ್ 6ರ ಮಂಗಳವಾರ ರಾತ್ರಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ದಿ ಲೈಫ್ ಅಂಡ್ ಲೆಜೆಂಡ್ ಆಫ್ ವಯಟ್ ಅರ್ಪ್’ ಎಂಬ ಅರ್ಧ ಗಂಟೆಯ ಕಪ್ಪು ಬಿಳುಪು ಧಾರಾವಾಹಿ ಆರಂಭವಾಯಿತು. 1961ರ ಜೂನ್ 27ರವರೆಗೆ, ಆರು ಸೀಸನ್‌ಗಳಲ್ಲಿ, ಇನ್ನೂರಕ್ಕೂ ಹೆಚ್ಚು ಕಂತುಗಳಾಗಿ ಅದು ಪ್ರಸಾರವಾಯಿತು. ಆ ದಶಕದಲ್ಲಿ ಅಮೆರಿಕದ ಟೀವಿಯಲ್ಲಿ ವೆಸ್ಟರ್ನ್ ಕಥೆಗಳಿಗೆ, ಅಂದರೆ ಹಳೆಯ ಪಶ್ಚಿಮ ಗಡಿನಾಡಿನ ಸಾಹಸ ಕಥೆಗಳಿಗೆ, ಬರವಿರಲಿಲ್ಲ. ಒಂದು ಹಂತದಲ್ಲಿ ವಾರಕ್ಕೆ ಹತ್ತಾರು ವೆಸ್ಟರ್ನ್ ಧಾರಾವಾಹಿಗಳು ಪ್ರಸಾರವಾಗುತ್ತಿದ್ದವು. ಆದರೂ ಇದನ್ನು ಪ್ರತ್ಯೇಕವಾಗಿ ತೆಗೆದು ಪರೀಕ್ಷಿಸಲು ಕಾರಣವಿದೆ. ನಿಜವಾಗಿ ಬದುಕಿದ್ದ ಮನುಷ್ಯನೊಬ್ಬನ ಹೆಸರನ್ನು ಇಟ್ಟುಕೊಂಡು, ಆತ ಕೆಲಸ ಮಾಡಿದ ಊರುಗಳನ್ನು ಕಾಲಾನುಕ್ರಮದಲ್ಲಿ ಹಿಡಿದು, ಆತನ ಜೀವನಚರಿತ್ರೆ ಬರೆದವನನ್ನೇ ಸಲಹೆಗಾರನನ್ನಾಗಿ ಇರಿಸಿಕೊಂಡು, ಇದು ಬದುಕಿನ ಕಥೆ ಎಂದು ಹೇಳಿಕೊಂಡ ಧಾರಾವಾಹಿ ಇದು. ಶೀರ್ಷಿಕೆಯಲ್ಲಿ ‘ಬದುಕು’ ಮತ್ತು ‘ದಂತಕಥೆ’ ಎರಡನ್ನೂ ಅಕ್ಕಪಕ್ಕ ಕೂರಿಸಿದ್ದರಿಂದ ಯಾವುದು ಎಲ್ಲಿ ಮುಗಿಯುತ್ತದೆ ಎಂದು ಹೇಳುವ ಹೊಣೆ ನಿರ್ಮಾಪಕರ ಮೇಲೆ ಉಳಿಯಲಿಲ್ಲ.

ಈ ಬಗೆಯ ಧಾರಾವಾಹಿಗಳನ್ನು ಚರ್ಚಿಸುವವರು ಸಾಮಾನ್ಯವಾಗಿ ಗುಂಡಿನ ಕಾಳಗಗಳ ಲೆಕ್ಕಕ್ಕೆ ಇಳಿಯುತ್ತಾರೆ: ಆತ ನಿಜಕ್ಕೂ ಎಷ್ಟು ಜನರನ್ನು ಕೊಂದ, ಟೀವಿಯಲ್ಲಿ ಎಷ್ಟು ಜನರನ್ನು ಕೊಂದ ಎಂದು. ನನ್ನ ದೃಷ್ಟಿಯಲ್ಲಿ ಮುಖ್ಯ ವ್ಯತ್ಯಾಸ ಅಲ್ಲಿಲ್ಲ. ಅದಿರುವುದು ಉದ್ಯೋಗದಲ್ಲಿ. ಕಿರುತೆರೆಯ ಅರ್ಪ್‌ಗೆ ಮಾರ್ಷಲ್ ಆಗಿ ಊರಿನ ಕಾನೂನು ಕಾಯುವುದೇ ವೃತ್ತಿ, ಅದೇ ಜೀವನ. ದಾಖಲೆಗಳಲ್ಲಿ ಸಿಗುವ ಅರ್ಪ್‌ಗೆ ಅದು ಜೂಜಿನ ಮೇಜು, ಸಲೂನ್ (ಹೆಂಡದಂಗಡಿ), ಗಣಿ ಹಕ್ಕು ಮತ್ತು ಕುದುರೆಗಳ ನಡುವೆ ಆಗಾಗ ಹಿಡಿದು ಬಿಟ್ಟ ಒಂದು ಕೆಲಸ. 1848ರ ಮಾರ್ಚ್ 19ರಂದು ಇಲಿನಾಯ್ ರಾಜ್ಯದ ಮನ್ಮತ್‌ನಲ್ಲಿ ಹುಟ್ಟಿ, 1929ರ ಜನವರಿ 13ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ ಈ ಮನುಷ್ಯನ ಎಂಬತ್ತು ವರ್ಷಗಳಲ್ಲಿ ಕಾನೂನುಪಾಲಕನ ಬಿಲ್ಲೆ ಧರಿಸಿದ ಕಾಲವನ್ನೆಲ್ಲ ಒಟ್ಟು ಮಾಡಿದರೂ ಹತ್ತು ವರ್ಷ ತುಂಬುವುದಿಲ್ಲ. ಆ ಸಣ್ಣ ಭಾಗ ಇಡೀ ಬದುಕಾಗಿ ಬೆಳೆದದ್ದು ಹೇಗೆ ಎಂಬುದೇ ಈ ಅಧ್ಯಯನದ ವಿಷಯ.

ಹಿನ್ನೆಲೆ

ಆಗ ಅಮೆರಿಕದಲ್ಲಿದ್ದ ದೊಡ್ಡ ಪ್ರಸಾರ ಸಂಸ್ಥೆಗಳಲ್ಲಿ ಎಬಿಸಿ ಹಿಂದೆ ಬಿದ್ದಿತ್ತು. ಸಿಬಿಎಸ್ ಮತ್ತು ಎನ್‌ಬಿಸಿಗಳ ಕೈಯಲ್ಲಿ ಹೆಸರುವಾಸಿ ಹಾಸ್ಯನಟರೂ ರೇಡಿಯೋದಿಂದ ಬಂದ ತಾರೆಗಳೂ ಇದ್ದರು. ಎಬಿಸಿಗೆ ಅಂಥ ಬಂಡವಾಳ ಇರಲಿಲ್ಲ. 1954ರ ಕೊನೆಯಿಂದ 1955ರ ಆರಂಭದವರೆಗೆ ಅದೇ ವಾಹಿನಿ ಡಿಸ್ನಿ ಕಾರ್ಯಕ್ರಮದಲ್ಲಿ ಗಡಿನಾಡಿನ ಐತಿಹಾಸಿಕ ವೀರ ಡೇವಿ ಕ್ರಾಕೆಟ್‌ನ ಕಥೆಯನ್ನು ಪ್ರಸಾರ ಮಾಡಿದಾಗ ದೇಶದ ಮಕ್ಕಳೆಲ್ಲ ರಕೂನ್ ಬಾಲದ ಟೋಪಿಗೆ ಹಟ ಹಿಡಿದರು. ಇತಿಹಾಸದ ಹೆಸರಿಗೆ ಯಾರೂ ಹಕ್ಕುದಾರರಿಲ್ಲ, ಆದರೆ ಅದಕ್ಕೆ ಗಿರಾಕಿಗಳುಂಟು ಎಂಬುದು ಅಲ್ಲಿಗೆ ಖಚಿತವಾಯಿತು. ಅರ್ಪ್ ಧಾರಾವಾಹಿ ತೆರೆಗೆ ಬಂದದ್ದು ಅದೇ ವರ್ಷ.

ನಾಲ್ಕು ದಿನ ಕಳೆದು, ಸೆಪ್ಟೆಂಬರ್ 10ರಂದು, ಸಿಬಿಎಸ್‌ನಲ್ಲಿ ‘ಗನ್‌ಸ್ಮೋಕ್’ ಆರಂಭವಾಯಿತು. ಅದರ ನಾಯಕ ಮ್ಯಾಟ್ ಡಿಲನ್ ಕೂಡ ಮಾರ್ಷಲ್, ಅವನ ಊರು ಕಾನ್ಸಸ್‌ನ ಡಾಡ್ಜ್ ಸಿಟಿ. ಆದರೆ ಅವನು ಕೇವಲ ಕಲ್ಪನೆ. ಅರ್ಪ್ ನಿಜವಾಗಿ ಕೆಲಸ ಮಾಡಿದ ಊರಿನಲ್ಲಿ ಕಾಲ್ಪನಿಕ ಮಾರ್ಷಲ್ ಒಬ್ಬ ಇಪ್ಪತ್ತು ವರ್ಷ ಉಳಿದ, ನಿಜವಾದ ಹೆಸರಿನವನು ಆರು ವರ್ಷಕ್ಕೆ ಮುಗಿಸಿದ. ಎರಡೂ ದೊಡ್ಡವರಿಗಾಗಿ ಮಾಡಿದ ವೆಸ್ಟರ್ನ್‌ಗಳೆಂದು ಪ್ರಚಾರ ಪಡೆದವು. ಡಿಲನ್‌ಗೆ ತಪ್ಪು ಮಾಡುವ, ಸೋಲುವ, ಬೇಸತ್ತು ಕುಳಿತುಕೊಳ್ಳುವ ಸ್ವಾತಂತ್ರ್ಯವಿತ್ತು. ಅರ್ಪ್‌ಗೆ ಅದಿರಲಿಲ್ಲ. ನಿಜವಾದ ಹೆಸರನ್ನು ಹೊತ್ತ ಪಾತ್ರವೇ ಹೆಚ್ಚು ನಿರ್ದೋಷಿಯಾಗಿ ಕಾಣಿಸಿತು ಎಂಬುದು ಈ ಎರಡು ಧಾರಾವಾಹಿಗಳನ್ನು ಒಟ್ಟಿಗಿಟ್ಟಾಗ ಕಣ್ಣಿಗೆ ಬೀಳುವ ಮೊದಲ ಸಂಗತಿ.

ಪಾತ್ರ ವಹಿಸಿದ ಹ್ಯೂ ಓಬ್ರಯನ್ ನೌಕಾಪಡೆಯ ಮರೀನ್ ದಳದಲ್ಲಿ ಕವಾಯತು ಶಿಕ್ಷಕನಾಗಿದ್ದವನು. ನೆಟ್ಟಗಿನ ನಿಲುವು, ಕರಿ ಕೋಟು, ಚಪ್ಪಟೆ ಮೇಲ್ಭಾಗದ ಕರಿ ಟೋಪಿ, ಹೂಬಳ್ಳಿ ಕಸೂತಿಯ ವೇಸ್ಟ್‌ಕೋಟು, ಕೊರಳಲ್ಲಿ ದಾರದಂಥ ಟೈ: ಆ ವೇಷ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ಇಂದಿಗೂ ಅರ್ಪ್ ಎಂದರೆ ಬಹಳ ಜನರ ಕಣ್ಣೆದುರು ಬರುವುದು ಅದೇ. ಹೆಚ್ಚಿನ ಕಂತುಗಳ ಬರವಣಿಗೆ ಫ್ರೆಡರಿಕ್ ಹ್ಯಾಝ್ಲಿಟ್ ಬ್ರೆನನ್ ಎಂಬವನದು. ಸಂಗೀತದ ವಾದ್ಯಗಳಿಲ್ಲದೆ ಗಾಯಕರ ಗುಂಪೊಂದು ನಾಯಕನ ಗುಣಗಾನ ಮಾಡುವ ಶೀರ್ಷಿಕೆ ಗೀತೆಯಿಂದ ಪ್ರತಿ ವಾರ ಕಥೆ ತೆರೆದುಕೊಳ್ಳುತ್ತಿತ್ತು. ಕಥೆ ಏನೇ ಇರಲಿ, ತೀರ್ಪು ಗೀತೆಯಲ್ಲೇ ಬಂದುಬಿಟ್ಟಿರುತ್ತಿತ್ತು.

ಆಧಾರಗ್ರಂಥ ಮತ್ತು ಅದರ ಹಿಂದಿನ ಸರಪಳಿ

ಧಾರಾವಾಹಿಗೆ ಆಧಾರ 1931ರಲ್ಲಿ ಪ್ರಕಟವಾದ, ಸ್ಟುವರ್ಟ್ ಲೇಕ್ ಬರೆದ ‘ವಯಟ್ ಅರ್ಪ್: ಫ್ರಾಂಟಿಯರ್ ಮಾರ್ಷಲ್’ ಎಂಬ ಪುಸ್ತಕ. ಲೇಕ್ ಪತ್ರಕರ್ತನಾಗಿದ್ದು ಬರವಣಿಗೆಯನ್ನೇ ನೆಚ್ಚಿದ್ದವನು. ಅರ್ಪ್‌ನ ಕೊನೆಯ ದಿನಗಳಲ್ಲಿ ಅವನನ್ನು ಭೇಟಿಯಾಗಿ ಮಾತನಾಡಿಸಿದ. ಪುಸ್ತಕ ಹೊರಬರುವಷ್ಟರಲ್ಲಿ ಅರ್ಪ್ ಇರಲಿಲ್ಲ. ಓದುವಾಗ ಮುದುಕನೇ ಎದುರು ಕುಳಿತು ಪುಟಗಟ್ಟಲೆ ಹೇಳಿ ಬರೆಸಿದ ಹಾಗೆ ಕಾಣುವ ಆ ಉದ್ಧರಣೆಗಳ ಬಗ್ಗೆ ಲೇಕ್ ಮುಂದೆ ಪತ್ರವೊಂದರಲ್ಲಿ ಒಪ್ಪಿಕೊಂಡದ್ದು ಬೇರೆಯೇ: ಅರ್ಪ್ ಅವನಿಗೆ ಏನನ್ನೂ ಹೇಳಿ ಬರೆಸಿರಲಿಲ್ಲ, ಆತ ತೀರ ಮಿತಭಾಷಿ. ಅಂದರೆ ಪುಸ್ತಕದಲ್ಲಿ ನಿರರ್ಗಳವಾಗಿ ಮಾತನಾಡುವ ಅರ್ಪ್ ಲೇಕ್‌ನ ಸೃಷ್ಟಿ. ಇಷ್ಟಾದರೂ ಲೇಕ್ ಹಳೆಯ ಪತ್ರಿಕೆಗಳನ್ನು ಹುಡುಕಿದ, ಊರೂರು ಸುತ್ತಿದ, ಬದುಕಿದ್ದವರನ್ನು ಕೇಳಿದ. ಅವನ ಕೈಯಲ್ಲಿ ನಿಜವಾದ ಸಾಮಗ್ರಿಯೂ ಇತ್ತು. ತನಗೆ ಬೇಡವಾದದ್ದನ್ನು ಬಿಟ್ಟು ಉಳಿದದ್ದನ್ನು ಅವನು ಬಳಸಿಕೊಂಡ.

ಆದರೆ ದಂತಕಥೆಯನ್ನು ಶುರು ಮಾಡಿದವನು ಲೇಕ್ ಅಲ್ಲ. ಅದಕ್ಕಿಂತ ಐವತ್ತು ವರ್ಷ ಹಿಂದೆ, 1881ರ ನವೆಂಬರ್‌ನಲ್ಲಿ, ಅರಿಝೋನಾದ ಟೂಂಬ್‌ಸ್ಟೋನ್ ಪಟ್ಟಣದಲ್ಲಿ ನ್ಯಾಯಾಧೀಶ ವೆಲ್ಸ್ ಸ್ಪೈಸರ್‌ನ ಮುಂದೆ, ಹಿಂದಿನ ತಿಂಗಳು ಅಲ್ಲಿ ನಡೆದು ಮೂವರು ಸತ್ತ ಗುಂಡಿನ ಕಾಳಗದ ಸಂಬಂಧ, ಅರ್ಪ್ ಕೊಲೆ ಆರೋಪಿಯಾಗಿ ನಿಂತಿದ್ದ. ಆ ಪ್ರಾಂತ್ಯದ ಅಂದಿನ ಕಾನೂನಿನಂತೆ ಪ್ರಾಥಮಿಕ ವಿಚಾರಣೆಯಲ್ಲಿ ಆರೋಪಿ ತನ್ನ ಹೇಳಿಕೆ ನೀಡಬಹುದಿತ್ತು, ಅದರ ಮೇಲೆ ಪಾಟೀಸವಾಲಿಗೆ ಅವಕಾಶವಿರಲಿಲ್ಲ. ಅರ್ಪ್ ಮೊದಲೇ ಬರೆದು ತಂದಿದ್ದ ಹೇಳಿಕೆಯನ್ನು ಓದಿದ. ಎದುರು ಪಕ್ಷದ ವಕೀಲರು ತಕರಾರು ಎತ್ತಿದರೂ ಸ್ಪೈಸರ್ ಅದಕ್ಕೆ ಅವಕಾಶ ಕೊಟ್ಟ. ಹೇಳಿಕೆಯ ಜೊತೆಗೆ ವಿಚಿಟಾ ಮತ್ತು ಡಾಡ್ಜ್ ಸಿಟಿಗಳ ನಾಗರಿಕರು ಸಹಿ ಮಾಡಿದ ಪ್ರಶಂಸಾ ಪತ್ರಗಳನ್ನೂ ಲಗತ್ತಿಸಲಾಗಿತ್ತು. ಡಾಡ್ಜ್‌ನ ಪತ್ರ ಅವನನ್ನು ತಮ್ಮ ನಗರದ ಮಾರ್ಷಲ್ ಎಂದೇ ವರ್ಣಿಸಿತ್ತು. ವಾಸ್ತವದಲ್ಲಿ ಆತ ಅಲ್ಲಿ ಎಂದೂ ಮಾರ್ಷಲ್ ಆಗಿರಲಿಲ್ಲ, ಸಹಾಯಕನಾಗಿದ್ದ. ಆ ವರ್ಷಗಳಲ್ಲಿ ಮಾರ್ಷಲ್ ಹುದ್ದೆಯಲ್ಲಿದ್ದವರು ಲ್ಯಾರಿ ಡೀಗರ್, ಆಮೇಲೆ ಎಡ್ ಮಾಸ್ಟರ್‌ಸನ್, 1878ರ ಏಪ್ರಿಲ್‌ನಲ್ಲಿ ಆತ ಗುಂಡಿಗೆ ಬಲಿಯಾದ ಬಳಿಕ ಚಾರ್ಲಿ ಬ್ಯಾಸೆಟ್. ನೇಣಿನ ಭಯವಿದ್ದ ಆರೋಪಿಯ ಪರವಾಗಿ ಸ್ನೇಹಿತರು ಸ್ವಲ್ಪ ಹಿಗ್ಗಿಸಿ ಬರೆದ ಒಂದು ಬಡ್ತಿ ಪುಸ್ತಕದ ಶೀರ್ಷಿಕೆಯಾಗಿ, ಅಲ್ಲಿಂದ ಟೀವಿಯ ಕಥೆಯಾಗಿ ಮುಂದುವರಿಯಿತು. ಲೇಕ್‌ನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವವರು ಈ ಪತ್ರಗಳ ಕಡೆಗೆ ನೋಡುವುದು ಒಳ್ಳೆಯದು.

ನಡುವೆ ಇನ್ನೂ ಎರಡು ಪ್ರಯತ್ನಗಳು ನಡೆದಿದ್ದವು. 1896ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಅರ್ಪ್ ಹೆಸರಿನಲ್ಲಿ ರೋಚಕ ಲೇಖನಗಳನ್ನು ಪ್ರಕಟಿಸಿತು. ಬರೆದ ಕೈ ಬೇರೆಯವರದು ಎಂಬುದು ಭಾಷೆಯಿಂದಲೇ ತಿಳಿಯುತ್ತದೆ. 1920ರ ದಶಕದಲ್ಲಿ ಜಾನ್ ಫ್ಲಡ್ ಎಂಬ ಸ್ನೇಹಿತ ಅರ್ಪ್‌ನ ಮಾತನ್ನು ಕೇಳಿ ಒಂದು ಹಸ್ತಪ್ರತಿ ತಯಾರಿಸಿದ. ಮೂಕಿ ಚಿತ್ರಗಳ ಕೌಬಾಯ್ ತಾರೆ ವಿಲಿಯಂ ಹಾರ್ಟ್ ಶಿಫಾರಸು ಮಾಡಿದರೂ ಪ್ರಕಾಶಕರು ಅದನ್ನು ಮುಟ್ಟಲಿಲ್ಲ, ಬರವಣಿಗೆ ಅಷ್ಟು ಕೆಟ್ಟದಾಗಿತ್ತು. ಲೇಕ್ ಬಂದದ್ದು ಇವೆಲ್ಲ ಸೋತ ಮೇಲೆ.

ಕಾನ್ಸಸ್‌ನ ವರ್ಷಗಳು

ಮೊದಲ ಕಂತು ಎಲ್ಸ್‌ವರ್ತ್ ಪಟ್ಟಣದಲ್ಲಿ ನಡೆಯುತ್ತದೆ. ಲೇಕ್‌ನ ಪ್ರಕಾರ 1873ರ ಆಗಸ್ಟ್‌ನಲ್ಲಿ ಅಲ್ಲಿನ ಷೆರೀಫ್ (ಕೌಂಟಿ ಎಂಬ ಜಿಲ್ಲೆಯ ಕಾನೂನು ಅಧಿಕಾರಿ) ಚಾನ್ಸಿ ವಿಟ್ನಿಯನ್ನು ಬಿಲ್ ಥಾಂಪ್ಸನ್ ಗುಂಡಿಟ್ಟಾಗ, ಊರಿನ ಅಧಿಕಾರಿಗಳೆಲ್ಲ ಹಿಂಜರಿದು ನಿಂತಿರುವಾಗ, ದಾರಿಹೋಕನಾಗಿದ್ದ ಅರ್ಪ್ ಒಬ್ಬನೇ ಮುಂದೆ ನಡೆದು ಬಿಲ್‌ನ ಅಣ್ಣ ಬೆನ್ ಥಾಂಪ್ಸನ್‌ನ ಆಯುಧ ಇಳಿಸಿದ. ವಿಟ್ನಿಯ ಸಾವು ನಿಜ, ಥಾಂಪ್ಸನ್ ಸಹೋದರರೂ ನಿಜ. ಅಂದಿನ ಪತ್ರಿಕೆಗಳಲ್ಲಿ ಅರ್ಪ್‌ನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಬೆನ್ ಥಾಂಪ್ಸನ್ ಆಯುಧ ಒಪ್ಪಿಸಿದ್ದು ಸ್ಥಳೀಯ ಅಧಿಕಾರಿಯೊಬ್ಬನಿಗೆ. ಧಾರಾವಾಹಿ ತನ್ನ ನಾಯಕನಿಗೆ ಜನ್ಮ ಕೊಡುವ ಪ್ರಸಂಗಕ್ಕೇ ದಾಖಲೆಯ ಆಧಾರವಿಲ್ಲ.

ಎಲ್ಸ್‌ವರ್ತ್‌ಗಿಂತ ಹಿಂದಿನದನ್ನು ಅದು ಕೈಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. 1870ರಲ್ಲಿ ಮಿಸೌರಿಯ ಲಾಮಾರ್‌ನಲ್ಲಿ ಅರ್ಪ್ ಕಾನ್‌ಸ್ಟೇಬಲ್ ಆಗಿದ್ದ. ಅದೇ ವರ್ಷ ಹೆಂಡತಿ ಉರಿಲ್ಲಾ ತೀರಿಕೊಂಡಳು. ಮರುವರ್ಷ, ಶಾಲಾ ನಿಧಿಗೆ ಸೇರಬೇಕಾದ ಹಣವನ್ನು ಕಟ್ಟಿಲ್ಲವೆಂದು ಅವನ ಮೇಲೆ ದಾವೆ ಬಿತ್ತು, ಬಳಿಕ ಮೂಲನಿವಾಸಿಗಳಿಗೆ ಮೀಸಲಾಗಿದ್ದ ಇಂಡಿಯನ್ ಟೆರಿಟರಿ ಎಂಬ ಪ್ರದೇಶದಲ್ಲಿ ಕುದುರೆ ಕದ್ದ ಆರೋಪ ಹೊರಿಸಲಾಯಿತು. ವಿಚಾರಣೆಗೆ ಮೊದಲೇ ಆತ ಸೆರೆಯಿಂದ ಪಾರಾದ. 1872ರಲ್ಲಿ ಇಲಿನಾಯ್‌ನ ಪಿಯೋರಿಯಾದಲ್ಲಿ ವೇಶ್ಯಾಗೃಹದ ಸಂಬಂಧ ಪದೇ ಪದೇ ಪೊಲೀಸರ ಕೈಗೆ ಸಿಕ್ಕಿದ. ಕಿರುತೆರೆಯಲ್ಲಿ ಇಂಥ ನಾಯಕನಿಗೆ 1955ರಲ್ಲಿ ಯಾವ ಜಾಹೀರಾತುದಾರನೂ ಹಣ ಹಾಕುತ್ತಿರಲಿಲ್ಲ. ಧಾರಾವಾಹಿಗೆ ದುಡ್ಡು ಕೊಟ್ಟವರಲ್ಲಿ ಬೆಳಗಿನ ತಿಂಡಿಯ ಧಾನ್ಯ ಮಾರುವ ಜನರಲ್ ಮಿಲ್ಸ್ ಇತ್ತು ಎಂಬುದನ್ನು ನೆನೆದರೆ ಸಾಕು.

ವಿಚಿಟಾದಲ್ಲಿ ಅರ್ಪ್ 1875ರ ಏಪ್ರಿಲ್‌ನಲ್ಲಿ ಪೊಲೀಸನಾಗಿ ಸೇರಿದ. ಇದು ಟೆಕ್ಸಸ್‌ನಿಂದ ದನದ ಹಿಂಡುಗಳು ರೈಲು ಹತ್ತಲು ಬರುತ್ತಿದ್ದ ಊರು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹಿಂಡಿನ ಹಿಂದೆ ಧೂಳು ಕುಡಿದು ಬಂದ ಕೂಲಿ ಹುಡುಗರ ಕೈಗೆ ಒಂದೇ ಸಲಕ್ಕೆ ಸಂಬಳ ಬೀಳುತ್ತಿತ್ತು. ಆ ಹಣ ಊರು ಬಿಡುವ ಮೊದಲು ಊರಿನಲ್ಲೇ ಖರ್ಚಾಗಬೇಕು ಎಂಬುದು ವರ್ತಕರ ಬಯಕೆ. ಆದ್ದರಿಂದ ಸಲೂನ್, ಜೂಜು, ವೇಶ್ಯಾವಾಟಿಕೆಗಳನ್ನು ಮುಚ್ಚುವ ಉದ್ದೇಶ ಯಾರಿಗೂ ಇರಲಿಲ್ಲ. ಅವುಗಳ ಮೇಲೆ ತಿಂಗಳು ತಿಂಗಳು ದಂಡ ಹಾಕಿ, ಆ ದಂಡದಿಂದಲೇ ನಗರಾಡಳಿತದ ಖರ್ಚಿನ ದೊಡ್ಡ ಪಾಲನ್ನು ತೂಗಿಸಲಾಗುತ್ತಿತ್ತು. ಪೊಲೀಸರು ಕುಡಿದವರನ್ನು ಜೈಲಿಗೆ ಹಾಕಬೇಕು, ಊರಿನೊಳಗೆ ಬಂದೂಕು ಹೊತ್ತು ತಿರುಗುವುದನ್ನು ತಡೆಯಬೇಕು, ದಂಡ ವಸೂಲು ಮಾಡಬೇಕು. ಜೊತೆಗೆ ಚರಂಡಿ, ಕಾಲುದಾರಿಯ ಹಲಗೆ, ಬೀದಿ ನಾಯಿಗಳನ್ನು ನೋಡಿಕೊಳ್ಳುವುದೂ ಅವರ ಪಾಲಿಗೇ ಬರುತ್ತಿತ್ತು. ವೆಸ್ಟರ್ನ್ ಧಾರಾವಾಹಿಗಳ ಬೀದಿಗಳಲ್ಲಿ ಸೊಂಟಕ್ಕೆ ಬಂದೂಕು ಕಟ್ಟದ ಗಂಡಸು ಕಾಣುವುದೇ ಅಪರೂಪ. ನಿಜವಾದ ಮಾರ್ಷಲ್‌ಗಳು ದಿನವೂ ಜಾರಿ ಮಾಡುತ್ತಿದ್ದ ಕಾನೂನು ಮಾತ್ರ ಅದಕ್ಕೆ ತದ್ವಿರುದ್ಧ: ಪಟ್ಟಣದೊಳಗೆ ಆಯುಧ ನಿಷಿದ್ಧ.

1876ರ ಜನವರಿ 9ರ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಭಾನುವಾರ ರಾತ್ರಿ ಅರ್ಪ್ ವಿಚಿಟಾದ ಸಲೂನ್ ಒಂದರ ಹಿಂದಿನ ಕೋಣೆಯಲ್ಲಿ ಎರಡು ಮೂರು ಮಂದಿಯೊಂದಿಗೆ ಕುಳಿತಿದ್ದ. ರಿವಾಲ್ವರ್ ಒರೆಯಿಂದ ಜಾರಿತು. ರಿವಾಲ್ವರ್‌ನ ಕುದುರೆಯ (ತೋಟಾವನ್ನು ಬಡಿದು ಸಿಡಿಸುವ ಸುತ್ತಿಗೆಯಂಥ ಭಾಗದ) ಕೆಳಗೆ ತೋಟಾ ಇದ್ದ ಕಾರಣ, ಕುರ್ಚಿಗೆ ಬಡಿದೊಡನೆ ಗುಂಡು ಹಾರಿತು. ಅದು ಅವನ ಕೋಟನ್ನು ತೂರಿ, ಗೋಡೆಗೆ ಬಡಿದು, ಅಲ್ಲಿಂದ ಚಿಮ್ಮಿ ಚಾವಣಿಗೆ ನುಗ್ಗಿತು. ಕೋಣೆಯಲ್ಲಿದ್ದವರೆಲ್ಲ ಬಾಗಿಲಿಗೆ ಓಡಿದರು. ಊರಿನ ಪತ್ರಿಕೆ ಅದೇ ವಾರ ಇದನ್ನು ಸ್ವಲ್ಪ ತಮಾಷೆಯಾಗಿಯೇ ಅಚ್ಚು ಹಾಕಿತು. ಲೇಕ್‌ನ ಪುಸ್ತಕದಲ್ಲಿ ಈ ಘಟನೆ ಇಲ್ಲ. ಬದಲಿಗೆ ಅಲ್ಲಿ ಅರ್ಪ್ ಬಂದೂಕಿನ ಬಳಕೆಯ ಬಗ್ಗೆ ಪಾಠ ಹೇಳುತ್ತಾನೆ, ಆರು ತೋಟಾ ಹಿಡಿಸುವ ರಿವಾಲ್ವರ್‌ನಲ್ಲಿ ಐದನ್ನೇ ತುಂಬಿ ಕುದುರೆಯನ್ನು ಖಾಲಿ ಕೋಣೆಯ ಮೇಲೆ ನಿಲ್ಲಿಸುವುದು ಜಾಣತನ ಎನ್ನುತ್ತಾನೆ. ಆ ಪಾಠ ಅರ್ಪ್ ಕಲಿತದ್ದು ಹೇಗೆ ಎಂದು ಪತ್ರಿಕೆ ಓದಿದವರಿಗೆ ಗೊತ್ತು.

ಅದೇ ವರ್ಷದ ಏಪ್ರಿಲ್‌ನಲ್ಲಿ, ಮಾರ್ಷಲ್ ಚುನಾವಣೆಯ ಸಂದರ್ಭದಲ್ಲಿ, ತನ್ನ ಮೇಲಧಿಕಾರಿಯ ವಿರುದ್ಧ ಸ್ಪರ್ಧಿಸಿದ್ದ ಅಭ್ಯರ್ಥಿಯ ಮೇಲೆ ಅರ್ಪ್ ಕೈ ಮಾಡಿದ. 30 ಡಾಲರ್ ದಂಡ ಬಿತ್ತು, ಕೆಲಸವೂ ಹೋಯಿತು. ಧಾರಾವಾಹಿಯಲ್ಲಿ ಆತ ವಿಚಿಟಾದಿಂದ ಡಾಡ್ಜ್‌ಗೆ ಹೋಗುವುದು ಆ ಊರಿಗೆ ಅವನ ಅಗತ್ಯ ಬಿದ್ದುದರಿಂದ.

ಉದ್ದ ನಳಿಗೆಯ ಪಿಸ್ತೂಲು

ಧಾರಾವಾಹಿಯ ಕಥೆಯಲ್ಲೆಲ್ಲ ಜಗತ್ತಿಗೆ ಅತಿ ಹೆಚ್ಚು ತಲುಪಿದ್ದು ಒಂದು ವಸ್ತು. ಲೇಕ್ ಬರೆದಂತೆ, ಅಗ್ಗದ ಸಾಹಸ ಕಥೆಗಳ ಲೇಖಕ ನೆಡ್ ಬಂಟ್‌ಲೈನ್ ಕೋಲ್ಟ್ ಕಂಪನಿಯಿಂದ ಹನ್ನೆರಡು ಇಂಚು ನಳಿಗೆಯ ಐದು ರಿವಾಲ್ವರ್‌ಗಳನ್ನು ಮಾಡಿಸಿ, ಡಾಡ್ಜ್‌ನ ಐವರು ಕಾನೂನುಪಾಲಕರಿಗೆ ಉಡುಗೊರೆ ಕೊಟ್ಟನಂತೆ. ಅರ್ಪ್, ಬ್ಯಾಟ್ ಮಾಸ್ಟರ್‌ಸನ್, ಬಿಲ್ ಟಿಲ್ಗ್‌ಮನ್, ಚಾರ್ಲಿ ಬ್ಯಾಸೆಟ್, ನೀಲ್ ಬ್ರೌನ್ ಆ ಐವರು. ಕೋಲ್ಟ್ ಕಂಪನಿಯ ಹಳೆಯ ಲೆಕ್ಕಪುಸ್ತಕಗಳಲ್ಲಿ ಬಂಟ್‌ಲೈನ್‌ನಿಂದ ಅಂಥ ಬೇಡಿಕೆ ಬಂದ ನಮೂದು ಸಿಕ್ಕಿಲ್ಲ. ಹೆಚ್ಚಿನ ಉದ್ದಕ್ಕೆ ಹೆಚ್ಚಿನ ಬೆಲೆ ಕೊಟ್ಟರೆ ಉದ್ದ ನಳಿಗೆಯ ರಿವಾಲ್ವರ್‌ಗಳು ಆ ಕಾಲದಲ್ಲಿ ಸಿಗುತ್ತಿದ್ದುದು ನಿಜ. ಅರ್ಪ್‌ನ ಕೈಯಲ್ಲಿ ಯಾವಾಗಲಾದರೂ ಅಂಥದೊಂದು ಇದ್ದಿರಬಹುದು. ಉಡುಗೊರೆಯ ಕಥೆಗೆ ಮಾತ್ರ ಲೇಕ್‌ನ ಹೊರತು ಸಾಕ್ಷಿಯಿಲ್ಲ.

ಟೀವಿಗೆ ಆ ಪಿಸ್ತೂಲು ಎರಡು ಬಗೆಯಲ್ಲಿ ಒದಗಿತು. ಹತ್ತಾರು ವೆಸ್ಟರ್ನ್‌ಗಳ ನಡುವೆ ನಾಯಕನನ್ನು ದೂರದಿಂದಲೇ ಗುರುತಿಸಲು ಒಂದು ಗುರುತು ಬೇಕಿತ್ತು. ಇನ್ನೊಂದು, ಕೊಲ್ಲದೆ ಗೆಲ್ಲುವ ದಾರಿ ಬೇಕಿತ್ತು: ಉದ್ದ ನಳಿಗೆಯಿಂದ ತಲೆಗೆ ಒಂದು ಏಟು ಕೊಟ್ಟು ಪುಂಡನನ್ನು ಜೈಲಿಗೆ ಎಳೆದೊಯ್ಯಬಹುದು. ಆಶ್ಚರ್ಯವೆಂದರೆ ಈ ಎರಡನೆಯ ಅಂಶದಲ್ಲಿ ಧಾರಾವಾಹಿ ಇತಿಹಾಸಕ್ಕೆ ಹತ್ತಿರವೇ ಇತ್ತು, ಏಕೆಂದರೆ ಅರ್ಪ್ ಸಹೋದರರು ಪಿಸ್ತೂಲಿನಿಂದ ತಲೆಗೆ ಹೊಡೆದು ಬಂಧಿಸುತ್ತಿದ್ದುದಕ್ಕೆ ದಾಖಲೆಯಿದೆ. ಆದರೆ ಟೀವಿಯಲ್ಲಿ ಆ ಏಟು ದಯೆಯಾಗಿ ಕಾಣುತ್ತದೆ. ಟೂಂಬ್‌ಸ್ಟೋನ್ ವಿಚಾರಣೆಯ ಸಾಕ್ಷ್ಯದಲ್ಲಿ, ಕಾಳಗಕ್ಕೆ ಮೊದಲು ಅದೇ ದಿನ ಬೀದಿಯಲ್ಲಿ, ಆಮೇಲೆ ಕಾಳಗದಲ್ಲಿ ಸತ್ತ ಟಾಮ್ ಮೆಕ್ಲೌರಿಗೆ ಬಿದ್ದ ಏಟನ್ನು ಓದಿದವರಿಗೆ ಹಾಗೆನಿಸುವುದಿಲ್ಲ. ಮಕ್ಕಳ ಆಟಿಕೆ ಪಿಸ್ತೂಲುಗಳಲ್ಲಿಯೂ ಉದ್ದ ನಳಿಗೆ ಬಂತು. 1957ರಲ್ಲಿ ಕೋಲ್ಟ್ ಕಂಪನಿಯೇ ‘ಬಂಟ್‌ಲೈನ್ ಸ್ಪೆಷಲ್’ ಎಂಬ ಹೆಸರಿನಲ್ಲಿ ಹನ್ನೆರಡು ಇಂಚಿನ ನಿಜವಾದ ರಿವಾಲ್ವರ್ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ಲೆಕ್ಕಪುಸ್ತಕದಲ್ಲಿ ಇಲ್ಲದ ಬೇಡಿಕೆಯನ್ನು ಎಂಬತ್ತು ವರ್ಷಗಳ ಬಳಿಕ ಟೀವಿ ಪ್ರೇಕ್ಷಕರು ಸಲ್ಲಿಸಿದರು.

ಕಥೆಯಿಂದ ಹೊರಗುಳಿದ ಹೆಂಗಸರು

ಕಿರುತೆರೆಯ ಅರ್ಪ್ ಬ್ರಹ್ಮಚಾರಿ. ಟೂಂಬ್‌ಸ್ಟೋನ್‌ಗೆ 1879ರ ಡಿಸೆಂಬರ್‌ನಲ್ಲಿ ಬಂದ ಅರ್ಪ್‌ನ ಜೊತೆಗೆ ಮ್ಯಾಟಿ ಬ್ಲೇಲಾಕ್ ಇದ್ದಳು. 1880ರ ಜನಗಣತಿ ಆಕೆಯನ್ನು ಅವನ ಪತ್ನಿ ಎಂದು ನಮೂದಿಸಿದೆ. ಅಲ್ಲಿಯೇ ಅವನಿಗೆ ಜೋಸೆಫೀನ್ ಮಾರ್ಕಸ್ ಪರಿಚಯವಾದಳು, ಆಗ ಆಕೆ ಷೆರೀಫ್ ಜಾನಿ ಬೇಹನ್‌ನ ಸಂಗಾತಿ. ಅರ್ಪ್ ಮ್ಯಾಟಿಯ ಬಳಿಗೆ ಮರಳಲಿಲ್ಲ. 1888ರ ಜುಲೈನಲ್ಲಿ ಅರಿಝೋನಾದ ಪಿನಾಲ್ ಎಂಬಲ್ಲಿ ಮ್ಯಾಟಿ ಅಫೀಮಿನ ದ್ರಾವಣ ಸೇವಿಸಿ ಸತ್ತಳು. ಜೋಸೆಫೀನ್ ಅರ್ಪ್‌ನ ಕೊನೆಗಾಲದವರೆಗೂ ಜೊತೆಗಿದ್ದಳು, ಮತ್ತು ಲೇಕ್‌ನ ಪುಸ್ತಕ ಅಚ್ಚಾಗುವ ಮೊದಲು ತನ್ನ ಹೆಸರೂ ಮ್ಯಾಟಿಯ ಹೆಸರೂ ಎಲ್ಲಿಯೂ ಬರದಂತೆ ಲೇಕ್‌ನ ಮೇಲೆ ಒತ್ತಡ ಹೇರಿದಳು. ಹೀಗೆ ಪುಸ್ತಕದಲ್ಲಿ ಉಂಟಾದ ಖಾಲಿ ಜಾಗ ಧಾರಾವಾಹಿಗೆ ಬಲು ಅನುಕೂಲವಾಯಿತು. ಸಂಸಾರವಿಲ್ಲದ ನಾಯಕ ಪ್ರತಿ ವಾರ ಹೊಸ ಹೆಣ್ಣಿನ ಕಷ್ಟಕ್ಕೆ ಒದಗಬಲ್ಲ. ಟೂಂಬ್‌ಸ್ಟೋನ್‌ನ ಕಂತುಗಳಲ್ಲಿ ನೆಲ್ಲಿ ಕ್ಯಾಷ್‌ಮನ್ ಎಂಬ ಪಾತ್ರವನ್ನು ಅವನ ಮೆಚ್ಚಿನವಳಾಗಿ ತಂದರು. ನೆಲ್ಲಿ ನಿಜವಾಗಿ ಇದ್ದವಳೇ: ಐರ್ಲೆಂಡ್ ಮೂಲದ, ಊಟದ ಮನೆ ನಡೆಸಿದ, ಗಣಿ ಶೋಧಿಸಿದ, ಗಣಿ ಕಾರ್ಮಿಕರ ಕಷ್ಟಕ್ಕೆ ಚಂದಾ ಎತ್ತಿದ ಗಟ್ಟಿಗಿತ್ತಿ. ಆಕೆಯ ಸ್ವಂತ ಜೀವನವೇ ಒಂದು ಧಾರಾವಾಹಿಗೆ ಸಾಲುವಷ್ಟಿದೆ. ಅರ್ಪ್‌ನೊಡನೆ ಪ್ರಣಯ ಮಾತ್ರ ಅದರಲ್ಲಿ ಇರಲಿಲ್ಲ.

ಟೂಂಬ್‌ಸ್ಟೋನ್: ಹುದ್ದೆಯ ಲೆಕ್ಕಾಚಾರ

ಅರ್ಪ್ ಟೂಂಬ್‌ಸ್ಟೋನ್‌ಗೆ ಬಂದದ್ದು ಕಾನೂನು ಕಾಯಲು ಅಲ್ಲ, ಬೆಳ್ಳಿ ಗಣಿಯ ಊರಿನಲ್ಲಿ ಹಣ ಮಾಡಲು. ಗಣಿ ಹಕ್ಕು ಕೊಂಡ, ಜೂಜಿನ ವ್ಯವಹಾರದಲ್ಲಿ ಪಾಲು ಪಡೆದ, ಕೋಚ್ ಗಾಡಿಗಳ ಹಣದ ಪೆಟ್ಟಿಗೆಗೆ ಕಾವಲಾಗಿ ಕುಳಿತ. 1880ರಲ್ಲಿ ಕೆಲವು ತಿಂಗಳು ಪಿಮಾ ಕೌಂಟಿಯ ಉಪ ಷೆರೀಫ್ ಆಗಿದ್ದ. ಊರಿನ ಮಾರ್ಷಲ್, ಕೌಂಟಿಯ ಷೆರೀಫ್, ಕೇಂದ್ರ ಸರ್ಕಾರದ ಮಾರ್ಷಲ್ ಎಂಬ ಮೂರು ಬೇರೆ ಬೇರೆ ಅಧಿಕಾರಗಳು ಅಲ್ಲಿದ್ದವು. ಟೀವಿ ಇವನ್ನು ಒಂದೇ ಬಿಲ್ಲೆಯಂತೆ ತೋರಿಸಿತು. ಇವುಗಳಲ್ಲಿ ದುಡ್ಡಿರುವುದು ಷೆರೀಫ್ ಹುದ್ದೆಯಲ್ಲಿ, ಏಕೆಂದರೆ ತೆರಿಗೆ ಸಂಗ್ರಹವೂ ಅವನದೇ, ಸಂಗ್ರಹಿಸಿದ್ದರಲ್ಲಿ ಶೇಕಡಾ ಹತ್ತು ಅವನ ಪಾಲು. 1881ರ ಫೆಬ್ರುವರಿಯಲ್ಲಿ ಹೊಸದಾಗಿ ಕೋಚೀಸ್ ಕೌಂಟಿ ರಚನೆಯಾದಾಗ ಅರ್ಪ್ ಆ ಹುದ್ದೆಯನ್ನು ಬಯಸಿದ್ದ. ಬೇಹನ್‌ಗೆ ಅದು ಸಿಕ್ಕಿತು. ತನ್ನ ಕೈಕೆಳಗೆ ಅರ್ಪ್‌ಗೆ ಸ್ಥಾನ ಕೊಡುವುದಾಗಿ ಬೇಹನ್ ಕೊಟ್ಟಿದ್ದ ಮಾತು ನಡೆಯಲಿಲ್ಲ.

ಮಾರ್ಚ್‌ನಲ್ಲಿ ಬೆನ್ಸನ್‌ಗೆ ಹೊರಟ ಕೋಚ್ ಗಾಡಿಯ ಮೇಲೆ ದಾಳಿ ನಡೆದು ಚಾಲಕ ಬಡ್ ಫಿಲ್‌ಪಾಟ್ ಮತ್ತು ಒಬ್ಬ ಪ್ರಯಾಣಿಕ ಸತ್ತರು. ಅರ್ಪ್ ಗುಟ್ಟಾಗಿ ಎದುರು ಗುಂಪಿನ ಐಕ್ ಕ್ಲಾಂಟನ್‌ನ ಬಳಿ ಒಂದು ಒಪ್ಪಂದಕ್ಕೆ ಬಂದ: ದರೋಡೆಕೋರರನ್ನು ಹಿಡಿದುಕೊಟ್ಟರೆ ಬಹುಮಾನದ ಹಣ ಐಕ್‌ಗೆ, ಹಿಡಿದ ಕೀರ್ತಿ ತನಗೆ. ಆ ಕೀರ್ತಿ ಮುಂದಿನ ಷೆರೀಫ್ ಚುನಾವಣೆಯಲ್ಲಿ ನೆರವಾಗುತ್ತದೆ ಎಂಬ ಉದ್ದೇಶವನ್ನು ಅರ್ಪ್ ಸ್ಪೈಸರ್‌ನ ಮುಂದೆ ಓದಿದ ಹೇಳಿಕೆಯಲ್ಲೇ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ದರೋಡೆಕೋರರು ಬೇರೆ ಜಗಳಗಳಲ್ಲಿ ಸತ್ತರು, ಗುಟ್ಟು ಹೊರಬೀಳುವ ಭಯ ಐಕ್‌ನನ್ನು ಕಾಡತೊಡಗಿತು, ಕುಡಿತದ ಬೆದರಿಕೆಗಳು ಶುರುವಾದವು. ಅಕ್ಟೋಬರ್ 26ರ ಕಾಳಗದ ಬೇರು ಹೆಚ್ಚಿನ ಮಟ್ಟಿಗೆ ಇಲ್ಲಿದೆ. ಕಿರುತೆರೆಯಲ್ಲಿ ಇದು ದನಗಳ್ಳರ ಕೂಟಕ್ಕೂ ಒಬ್ಬ ನೇರ ಅಧಿಕಾರಿಗೂ ನಡೆದ ಹೋರಾಟ. ಎರಡು ಗುಂಪುಗಳ ನಡುವಿನ ಹುದ್ದೆಯಾಸೆ, ಮಾತು ತಪ್ಪಿದ ಸಿಟ್ಟು ಮತ್ತು ಬಯಲಾಗಬಾರದ ಒಪ್ಪಂದಗಳನ್ನು ಅರ್ಧ ಗಂಟೆಯ ಚೌಕಟ್ಟು ತಾಳಲಾರದು. ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಪ್ರೇಕ್ಷಕನಿಗೆ ಯಾರು ತಪ್ಪಿತಸ್ಥ ಎಂದು ತಿಳಿಯಬೇಕು. ನ್ಯಾಯವಾಗಿ ಹೇಳುವುದಾದರೆ, ಕೊನೆಯ ಹಲವು ಕಂತುಗಳನ್ನು ಒಂದೇ ಮುಂದುವರಿದ ಕಥೆಯಾಗಿ ಹೆಣೆದು ಈ ಮಿತಿಯನ್ನು ಮೀರಲು ನಿರ್ಮಾಪಕರು ಪ್ರಯತ್ನಪಟ್ಟರು. ಆ ಕಾಲದ ವೆಸ್ಟರ್ನ್‌ಗಳಲ್ಲಿ ಇದು ವಿರಳ.

ಆ ಕಾಳಗ ಓಕೆ ಕೊರಾಲ್ ಎಂಬ ಕುದುರೆ ಲಾಯದ ಹೆಸರಿನಿಂದ ಪ್ರಸಿದ್ಧವಾದರೂ ನಿಜದಲ್ಲಿ ಅದರ ಒಳಗೆ ನಡೆಯಲಿಲ್ಲ. ಅದರ ಹಿಂಬಾಗಿಲಿನಿಂದ ಸ್ವಲ್ಪ ದೂರದಲ್ಲಿ, ಫ್ರೀಮಾಂಟ್ ಬೀದಿಗೆ ತಾಗಿದಂತೆ, ಛಾಯಾಗ್ರಾಹಕ ಫ್ಲೈ ನಡೆಸುತ್ತಿದ್ದ ವಸತಿಗೃಹದ ಪಕ್ಕದ ಇಕ್ಕಟ್ಟಾದ ಖಾಲಿ ನಿವೇಶನದಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ, ಸುಮಾರು ಮೂವತ್ತು ಸೆಕೆಂಡುಗಳಲ್ಲಿ ಮೂವತ್ತರಷ್ಟು ಗುಂಡುಗಳು ಹಾರಿದವು. ಅಂದು ಮುಂದಾಳು ವಯಟ್ ಅಲ್ಲ. ಊರಿನ ಮಾರ್ಷಲ್ ಆಗಿದ್ದವನು ಅವನ ಅಣ್ಣ ವರ್ಜಿಲ್. ಪಟ್ಟಣದೊಳಗೆ ಆಯುಧ ಒಯ್ಯಬಾರದೆಂಬ ನಿಯಮವನ್ನು ಜಾರಿ ಮಾಡಲು ಹೊರಟವನೂ ಅವನೇ. ಐಕ್‌ನ ಕಡೆಯ ಬಿಲ್ಲಿ ಕ್ಲಾಂಟನ್, ಫ್ರ್ಯಾಂಕ್ ಮೆಕ್ಲೌರಿ, ಟಾಮ್ ಮೆಕ್ಲೌರಿ ಸತ್ತರು. ವರ್ಜಿಲ್ ಮತ್ತು ತಮ್ಮ ಮಾರ್ಗನ್ ಗಾಯಗೊಂಡರು, ಅವರ ಜೊತೆಗಿದ್ದ ವಯಟ್‌ನ ಸ್ನೇಹಿತ ಡಾಕ್ ಹಾಲಿಡೇಗೆ ಗುಂಡು ಸವರಿ ಹೋಯಿತು, ವಯಟ್‌ಗೆ ಏನೂ ಆಗಲಿಲ್ಲ. ಬಾಯಿ ಜೋರು ಮಾಡಿದ್ದ ಐಕ್ ಓಡಿಹೋದ. ಟಾಮ್‌ನ ಕೈಯಲ್ಲಿ ಆಯುಧವಿತ್ತೇ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ತಿಂಗಳು ಹಿಡಿದ ವಿಚಾರಣೆಯ ನಂತರ ಸ್ಪೈಸರ್ ನವೆಂಬರ್ 30ರಂದು ಆರೋಪಿಗಳನ್ನು ಬಿಡುಗಡೆ ಮಾಡಿದ, ಆದರೆ ತನ್ನ ಆದೇಶದಲ್ಲಿ ವಯಟ್ ಮತ್ತು ಹಾಲಿಡೇಯನ್ನು ಜೊತೆಗೆ ಕರೆದುಕೊಂಡು ಹೋದ ವರ್ಜಿಲ್‌ನ ನಡೆ ವಿವೇಕದ್ದಲ್ಲವೆಂದು ದಾಖಲಿಸಿದ.

ಧಾರಾವಾಹಿ ನಿಲ್ಲುವುದು ಆ ವಿಚಾರಣೆಯೊಂದಿಗೆ. ಕೊನೆಯ ಕಂತಿನ ವಿಷಯವೇ ಅದು. ದಾಖಲೆಗಳ ಅರ್ಪ್‌ಗೆ ಕಥೆ ಅಲ್ಲಿಂದ ಬಿಗಡಾಯಿಸುತ್ತದೆ. ಡಿಸೆಂಬರ್ 28ರ ರಾತ್ರಿ ಹೊಂಚು ಹಾಕಿದವರು ವರ್ಜಿಲ್‌ಗೆ ಗುಂಡು ಹಾರಿಸಿದರು, ಅವನ ಎಡಗೈ ಶಾಶ್ವತವಾಗಿ ಊನವಾಯಿತು. 1882ರ ಮಾರ್ಚ್ 18ರಂದು ಬಿಲಿಯರ್ಡ್ಸ್ ಆಡುತ್ತಿದ್ದ ಮಾರ್ಗನ್‌ನನ್ನು ಕಿಟಕಿಯ ಹೊರಗಿನಿಂದ ಕೊಂದರು. ಮೂರು ದಿನ ಕಳೆದು ಟೂಸಾನ್ ರೈಲು ನಿಲ್ದಾಣದ ಬಳಿ, ಆ ಕೊಲೆಯ ಶಂಕಿತ ಫ್ರ್ಯಾಂಕ್ ಸ್ಟಿಲ್ವೆಲ್‌ನ ಹೆಣ ಗುಂಡುಗಳಿಂದ ಜರ್ಜರಿತವಾಗಿ ಸಿಕ್ಕಿತು. ಕೇಂದ್ರದ ಉಪ ಮಾರ್ಷಲ್ ಎಂಬ ಬಿಲ್ಲೆ ವಯಟ್‌ನ ಎದೆಯ ಮೇಲಿತ್ತು, ಜೇಬಿನಲ್ಲಿ ಬಂಧನದ ವಾರಂಟುಗಳಿದ್ದವು. ಹಾಗಿದ್ದೂ ಆ ವಾರಗಳಲ್ಲಿ ಆತ ಮಾಡಿದ್ದು ಬಂಧನವಲ್ಲ, ಸೇಡು. ಕೊಲೆಯ ಆರೋಪ ಬೆನ್ನಿಗಿರುವಾಗಲೇ ಆತ ಏಪ್ರಿಲ್‌ನಲ್ಲಿ ಅರಿಝೋನಾ ಬಿಟ್ಟು ಕೊಲರಾಡೋ ಸೇರಿದ. ಸಿನಿಮಾಗಳು ಮುಂದೆ ಈ ಭಾಗವನ್ನೇ ಹಿಡಿದು ದುರಂತ ನಾಯಕನನ್ನು ಕಟ್ಟಿದವು. ಧಾನ್ಯದ ಡಬ್ಬಿ ಮಾರುವ 1961ರ ಮಂಗಳವಾರದ ರಾತ್ರಿಗೆ ಅದು ಹೊಂದುತ್ತಿರಲಿಲ್ಲ.

ನಂತರದ ಪರಿಣಾಮ

ಧಾರಾವಾಹಿ ಇನ್ನೂ ನಡೆಯುತ್ತಿದ್ದಾಗಲೇ, 1960ರಲ್ಲಿ, ವರ್ಜಿಲ್‌ನ ವಿಧವೆ ಆಲಿಯ ನೆನಪುಗಳನ್ನು ಆಧರಿಸಿದ್ದೆಂದು ಹೇಳಿಕೊಂಡ ಪುಸ್ತಕವೊಂದು ಬಂದು ವಯಟ್‌ನನ್ನು ಮೋಸಗಾರನೆಂದು ಚಿತ್ರಿಸಿತು. ಮ್ಯಾಟಿಯ ಕಥೆ ಹೊರಬಂದದ್ದು ಆ ಮೂಲಕ. ಆದರೆ ಆ ಪುಸ್ತಕದ ಲೇಖಕ ಆಲಿಯ ಮಾತುಗಳನ್ನು ತಿರುಚಿದ್ದಾನೆ, ಕೆಲವನ್ನು ಕಟ್ಟಿದ್ದಾನೆ ಎಂದು ಮುಂದಿನ ಸಂಶೋಧಕರು ತೋರಿಸಿದರು. ಲೇಕ್ ನಾಯಕನಿಗಾಗಿ ಮಾಡಿದ್ದನ್ನು ಇವನು ಖಳನಿಗಾಗಿ ಮಾಡಿದ. ಟೀವಿಯ ಅತಿ ಹೊಗಳಿಕೆ ಇಲ್ಲದಿದ್ದರೆ ಆ ಅತಿ ತೆಗಳಿಕೆಗೆ ಅಷ್ಟು ಓದುಗರು ಸಿಗುತ್ತಿದ್ದರೇ ಎಂಬುದು ನನ್ನ ಅನುಮಾನ. ಹಲವು ವರ್ಷಗಳ ಕಾಲ ಅರ್ಪ್ ಕುರಿತ ಬರವಣಿಗೆ ಈ ಎರಡರ ನಡುವೆ ಹೊಯ್ದಾಡಿತು. ಪತ್ರಿಕೆಗಳು, ಪುರಸಭೆಯ ಲೆಕ್ಕಗಳು, ತೆರಿಗೆ ಪಟ್ಟಿಗಳು ಮತ್ತು ಸ್ಪೈಸರ್ ವಿಚಾರಣೆಯ ಸಾಕ್ಷ್ಯಗಳನ್ನು ಹಿಡಿದು ನಿಧಾನವಾಗಿ ನಡೆದ ಕೆಲಸ ಆಮೇಲಿನದು. ಲೇಕ್ 1964ರಲ್ಲಿ ತೀರಿಕೊಂಡ.

ಓಬ್ರಯನ್ ಆ ಪಾತ್ರವನ್ನು ಬಿಡಲಿಲ್ಲ. 1994ರಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ವೃದ್ಧ ಅರ್ಪ್ ಟೂಂಬ್‌ಸ್ಟೋನ್‌ಗೆ ಮರಳುವ ಟೀವಿ ಚಿತ್ರವೊಂದರಲ್ಲಿ ಮತ್ತೆ ಅದೇ ಕರಿ ಟೋಪಿ ಧರಿಸಿದ. ಮುದುಕ ಹಿಂದಿನದನ್ನು ನೆನೆಯುವ ಕಡೆಗಳಲ್ಲಿ 1950ರ ದಶಕದ ಕಂತುಗಳ ತುಣುಕುಗಳನ್ನೇ ಬಣ್ಣ ತುಂಬಿ ಜೋಡಿಸಲಾಗಿತ್ತು. ಅರ್ಪ್‌ನ ಗತಕಾಲಕ್ಕೆ ಈ ಬಾರಿ ಲೇಕ್‌ನ ಪುಸ್ತಕವೂ ಬೇಕಾಗಲಿಲ್ಲ, ಹಳೆಯ ಧಾರಾವಾಹಿಯೇ ಆಧಾರವಾಗಿ ಒದಗಿತು.